ಚಾಚಿಯ ಮಾಳಿಗೆ ಮೇಲೆ ನಾನು ಕಟ್ಟಿದ ತಂತಿ

ಗದಗ ಬೇರೆ ಜಿಲ್ಲೆಯಾಗಿ ಆಗ ಹನ್ನೊಂದೋ ಹನ್ನೆರಡೋ ವರ್ಷವಾಗಿತ್ತು. ಲಕ್ಷ್ಮೇಶ್ವರ ಇನ್ನೂ ತಾಲೂಕು ಆಗಿರಲಿಲ್ಲ, ಶಿರಹಟ್ಟಿಯ ಕೈಕೆಳಗೇ ಇತ್ತು. ತಾರೀಖು ಮರೆತಿದ್ದೇನೆ. ಮಹಾನವಮಿ ಹತ್ತಿರ ಬಂದಿತ್ತು ಎನ್ನುವುದು ಮಾತ್ರ ಚೆನ್ನಾಗಿ ನೆನಪಿದೆ, ಯಾಕೆಂದರೆ ಊರಿನ ಮನೆಮನೆಯಲ್ಲೂ ಹಾಸಿಗೆ ಹೊದಿಕೆ ಒಗೆಯಲು ಹಚ್ಚಿದ್ದರು. ಆ ಒಗೆತಕ್ಕೂ ನನ್ನ ಕೆಲಸಕ್ಕೂ ಏನು ಸಂಬಂಧ ಎಂದು ಆಗ ಯಾರಾದರೂ ಕೇಳಿದ್ದರೆ ನಕ್ಕುಬಿಡುತ್ತಿದ್ದೆ. ಈಗ ಬರೆಯಲು ಕೂತರೆ ಅಂಗೈ ಬೆವರುತ್ತಿದೆ.

ನಾನು ಅಡರಕಟ್ಟಿಯವನು, ಹೆಸರು ಈರಣ್ಣ. ಕಂಪ್ಯೂಟರ್ ರಿಪೇರಿ ಮತ್ತು ಕಚೇರಿಗಳಿಗೆ ನೆಟ್ ಜೋಡಿಸಿಕೊಡುವುದು ನನ್ನ ಉದ್ಯೋಗ. ಬೈಕಿಗೆ ಚೀಲ ಕಟ್ಟಿಕೊಂಡು ಒಂದು ದಿನ ಮುಂಡರಗಿ, ಒಂದು ದಿನ ಗದಗ-ಬೆಟಗೇರಿ, ಇನ್ನೊಂದು ದಿನ ಶಿರಹಟ್ಟಿ ಎಂದು ತಿರುಗುತ್ತಿದ್ದೆ. ಈ ಭಾಗದಲ್ಲಿ ಆಗ ಈ ಕೆಲಸ ಬಲ್ಲವರು ಕಡಿಮೆ. ಹಾಗಾಗಿ ನನಗೆ ಸ್ವಲ್ಪ ಸೊಕ್ಕು ತಲೆಗೇರಿತ್ತು. ಸಿಟ್ಟಂತೂ ಮೂಗಿನ ತುದಿಯಲ್ಲೇ ಇರುತ್ತಿತ್ತು. ಯಾರಾದರೂ ನೆಟ್ ಬರುತ್ತಿಲ್ಲ ಎಂದು ಫೋನ್ ಮಾಡಿದರೆ, ನೀವು ಏನು ಕೈಯಾಡಿಸಿದಿರಿ ಎಂದು ಮೊದಲು ಗದರಿಸಿ, ಆಮೇಲೆ ಮುಂದಿನ ಮಾತು.

ಲಕ್ಷ್ಮೇಶ್ವರದಲ್ಲಿ ಶಂಕ್ರಪ್ಪ ಮಾಸ್ತರು ಅಂತ ಒಬ್ಬರಿದ್ದರು. ಮೊದಲು ಟೈಪಿಂಗ್ ಕಲಿಸುತ್ತಿದ್ದರು. ಟೈಪ್‌ರೈಟರ್ ಕಾಲ ಮುಗಿದ ಮೇಲೆ ಅವೇ ಮೇಜುಗಳ ಮೇಲೆ ಕಂಪ್ಯೂಟರ್ ಇಟ್ಟು, ನೌಕರಿ ಅರ್ಜಿ, ಪರೀಕ್ಷೆ ಅರ್ಜಿ ತುಂಬಿ ಕಳಿಸುವ ಕಚೇರಿ ಮಾಡಿದರು. ಬಜಾರದ ಮಹಡಿ ಕಟ್ಟಡದಲ್ಲಿ ಅವರದು ಒಂದು ಖೋಲಿ. ಜನ ಹೆಚ್ಚಾದ ಮೇಲೆ ಹಿಂದಿನ ಕಟ್ಟಡದ ಮೇಲಂತಸ್ತಿನಲ್ಲಿ ಇನ್ನೊಂದು ಖೋಲಿ ಬಾಡಿಗೆ ಹಿಡಿದರು. ಮೋಡೆಮ್ ಮುಂದಿನ ಖೋಲಿಯಲ್ಲಿ, ನಾಲ್ಕು ಕಂಪ್ಯೂಟರ್ ಹಿಂದಿನ ಖೋಲಿಯಲ್ಲಿ. ಎರಡಕ್ಕೂ ನಡುವೆ ಒಂದು ಇಕ್ಕಟ್ಟಾದ ಸಂದಿ, ಸಂದಿಯ ಆಚೆ ಒಂದು ತಗ್ಗು ಮನೆ. ಮುಂದಿನಿಂದ ಹಿಂದಕ್ಕೆ ಕೇಬಲ್ ಒಯ್ಯಬೇಕೆಂದರೆ ಆ ಮನೆಯ ಮಾಳಿಗೆ ಮೇಲೇ ಹಾಯಬೇಕು.

ಮನೆ ಪಿಂಜಾರ ದಾವಲಸಾಬರದು. ಕೆಳಗೆ ಹತ್ತಿ ಹಿಂಜುವ ಮಷೀನು ಇಟ್ಟುಕೊಂಡು ಗಾದಿ ತುಂಬುತ್ತಿದ್ದರು. ಅವರ ಹೆಂಡತಿ ಹುಸೇನಬಿ ಕೌದಿ ಹೊಲಿಯುವುದರಲ್ಲಿ ಹೆಸರಾದವರು. ಹಳೆಯ ಸೀರೆ, ಧೋತರ ಕೊಟ್ಟರೆ ಒಂದರ ಮೇಲೊಂದು ಹಾಸಿ, ಸಣ್ಣ ಹೊಲಿಗೆ ಹಾಕಿ, ನಾಲ್ಕು ಮೂಲೆಗೆ ಬಣ್ಣದ ಚೌಕ ಇಟ್ಟು ಕೊಡುತ್ತಿದ್ದರು. ಅಡರಕಟ್ಟಿಯ ನಮ್ಮ ಮನೆಯಲ್ಲೂ ಅವರ ಕೈಯ ಕೌದಿ ಒಂದಿತ್ತು ಎಂದು ಅವ್ವ ಆಮೇಲೆ ಹೇಳಿದಳು.

ಮಾಳಿಗೆ ಮೇಲೆ ತಂತಿ ಎಳೆಯಲು ಒಪ್ಪಿಗೆ ಕೇಳಲು ಹೋದಾಗ ಹುಸೇನಬಿ ಚಾಚಿ ಸುಲಭಕ್ಕೆ ಒಪ್ಪಲಿಲ್ಲ. ನಮ್ಮ ಮಾಳಿಗೆ ಮೇಲೆ ನಿಮ್ಮ ತಂತಿ ಯಾಕೆ, ನಾಳೆ ಅದು ಕಡಿದರೆ ನಮ್ಮ ಮೇಲೆ ಬರುತ್ತದೆ ಎಂದರು. ನಾನು ಒಂದು ಉಪಾಯ ಹೇಳಿದೆ. ಅದು ಈ ಬಾಯಿಂದಲೇ ಬಂದ ಮಾತು.

"ಚಾಚಿ, ಕೇಬಲ್ ಒಂದ ಎಳದ್ರ ಜೋತು ಬೀಳತೈತಿ. ಅದಕ್ಕ ಕಬ್ಬಿಣದ ತಂತಿ ಬಿಗದು, ಅದರ ಬೆನ್ನಿಗೆ ಕೇಬಲ್ ಕಟ್ಟತೀನಿ. ನೀವು ಆ ತಂತಿ ಮ್ಯಾಲ ಆರಾಮ ಅರಬಿ ಒಣಾ ಹಾಕ್ರಿ."

ಚಾಚಿಯ ಮುಖ ಅರಳಿತು. ಅದುವರೆಗೆ ಅವರು ಒದ್ದೆ ಬಟ್ಟೆಯನ್ನೆಲ್ಲ ನೆಲದ ಮೇಲೆ ಹಾಸಿ, ನಾಲ್ಕೂ ಕಡೆ ಕಲ್ಲು ಹೇರಿ ಒಣಗಿಸುತ್ತಿದ್ದರಂತೆ. ಚಹಾ ಮಾಡಿ ಕೊಟ್ಟರು. ನಾನು ಮುಂದಿನ ಕಟ್ಟಡದ ಮಾಳಿಗೆ ಗೋಡೆಯ ಕಬ್ಬಿಣದ ಕೊಂಡಿಗೆ ತಂತಿಯ ಒಂದು ತುದಿ, ಹಿಂದಿನ ಖೋಲಿಯ ಕಿಡಕಿಯ ಸರಳಿಗೆ ಇನ್ನೊಂದು ತುದಿ ಕಟ್ಟಿ ಬಿಗಿದೆ. ಕಟ್ಟುವಾಗ ಒಂದು ಸಂಗತಿ ಕಣ್ಣಿಗೆ ಬಿದ್ದಿತ್ತು. ಕಂಬದಿಂದ ಚಾಚಿಯ ಮನೆಗೆ ಬರುವ ಕರೆಂಟಿನ ವೈರು ಮಾಳಿಗೆಯ ಒಂದು ಮೂಲೆಯಲ್ಲಿ ನನ್ನ ತಂತಿಯ ಕೆಳಗೇ ಹಾಯುತ್ತಿತ್ತು. ಎರಡರ ನಡುವೆ ಒಂದು ಗೇಣು ಇದ್ದಿರಬಹುದು. ಹಳೆಯ ವೈರು, ಬಿಸಿಲಿಗೆ ಅದರ ಮೇಲಿನ ಕರಿ ಪ್ಲಾಸ್ಟಿಕ್ ಬಿರಿದಿತ್ತು. ಗೇಣು ಸಾಕು, ಮುಟ್ಟುವುದಿಲ್ಲ ಬಿಡು ಎಂದುಕೊಂಡು ಇಳಿದು ಬಂದೆ.

ಬೇಸಿಗೆ ಕಳೆಯಿತು, ಮಳೆಗಾಲವೂ ಮುಗಿಯುತ್ತ ಬಂತು. ನೆಟ್ ಒಂದು ದಿನವೂ ತಕರಾರು ಮಾಡಲಿಲ್ಲ. ಮಾಸ್ತರು ಬಂದವರಿಗೆಲ್ಲ ನನ್ನ ಹೆಸರು ಹೇಳಿ ಹೊಗಳುತ್ತಿದ್ದರು. ಆಮೇಲೆ ಶುರುವಾಯಿತು ನೋಡಿ, ನನ್ನ ಗ್ರಹಚಾರ. ಹಿಂದಿನ ಖೋಲಿಯಲ್ಲಿ ನೆಟ್ ಇದ್ದಕ್ಕಿದ್ದ ಹಾಗೆ ಹೋಗುವುದು, ಎರಡು ಮೂರು ತಾಸು ಬಿಟ್ಟು ತಾನೇ ಬರುವುದು. ಒಂದು ದಿನ ಹೋದರೆ ಎರಡು ದಿನ ಸುಮ್ಮನಿರುವುದು. ಪೂರ್ತಿ ಕೆಟ್ಟ ವಸ್ತುವನ್ನು ರಿಪೇರಿ ಮಾಡಬಹುದು. ಹೀಗೆ ಕಣ್ಣಾಮುಚ್ಚಾಲೆ ಆಡುವುದನ್ನು ಹಿಡಿಯುವುದು ಬಹಳ ಕಷ್ಟ. ನಾನು ಮುಂಡರಗಿಯಿಂದ ಬಿದ್ದಂಬೀಳ ಬರುವಷ್ಟರಲ್ಲಿ ನೆಟ್ ಬಂದು ಕೂತಿರುತ್ತಿತ್ತು.

ಮೋಡೆಮ್ ಬದಲಿಸಿದೆ. ಕಂಪ್ಯೂಟರ್‌ಗಳನ್ನು ಕೂಡಿಸುವ ಸ್ವಿಚ್ ಡಬ್ಬಿ ಬದಲಿಸಿದೆ. ಕೇಬಲ್ಲಿನ ಎರಡೂ ತುದಿ ಕತ್ತರಿಸಿ ಹೊಸ ಜಾಕ್ ಹಾಕಿದೆ. ಇಲಿ ಕಡಿದಿರಬೇಕೆಂದು ಖೋಲಿಯ ಮೂಲೆಮೂಲೆ ಹುಡುಕಿದೆ. ಫೋನ್ ಕಂಪನಿಯವರ ಜೊತೆ ಜಗಳ ಮಾಡಿದೆ. ಮುಂದಿನ ಖೋಲಿಯಲ್ಲಿ ನೆಟ್ ಇದ್ದೇ ಇರುತ್ತದೆ, ಹಿಂದಿನದರಲ್ಲಿ ಮಾತ್ರ ಹೋಗುತ್ತದೆ ಎನ್ನುವುದು ಗೊತ್ತಿದ್ದೂ ಫೋನ್ ಕಂಪನಿಯನ್ನು ಬೈದೆ ಎಂದರೆ ನನ್ನ ತಲೆ ಎಷ್ಟು ಕೆಟ್ಟಿತ್ತು ಎನ್ನುವುದನ್ನು ನೀವೇ ತಿಳಿಯಿರಿ. ಬಂದಾಗಲೆಲ್ಲ ಕೇಬಲ್ ಪರೀಕ್ಷಿಸಿದ್ದೆ, ನಿಜ. ಆದರೆ ನಾನು ಬರುವ ಹೊತ್ತಿಗೆ ಅದು ಸರಿಯಾಗೇ ಇರುತ್ತಿತ್ತು. ಮೇಲೆ ಹತ್ತಿ ನೋಡಬೇಕೆಂದು ಅನ್ನಿಸಲೇ ಇಲ್ಲ. ನಾನೇ ಬಿಗಿದ ತಂತಿ, ಅದಕ್ಕೇನಾಗುತ್ತದೆ?

ಹಿಂದಿನ ಖೋಲಿಯಲ್ಲಿ ಸುಮಂಗಲಾ ಎನ್ನುವ ಹುಡುಗಿ ಅರ್ಜಿ ತುಂಬುವ ಕೆಲಸಕ್ಕಿದ್ದಳು. ಸೊರಟೂರಿನವಳು, ಲಕ್ಷ್ಮೇಶ್ವರದಲ್ಲಿ ಅತ್ತೆಯ ಮನೆಯಲ್ಲಿದ್ದಳು. ಮಿತಭಾಷಿ. ನಾನು ಅವಳ ಮೇಲೆ ಹರಿಹಾಯ್ದೆ. ಏನೇನೋ ಒತ್ತುತ್ತಾಳೆ, ಅದಕ್ಕೇ ಹೀಗಾಗುತ್ತದೆ ಎಂದು ಮಾಸ್ತರ ಮುಂದೆ ಚಾಡಿಯನ್ನೂ ಹೇಳಿದೆ. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ, ಹಾಗಾಗಿತ್ತು ನನ್ನ ಅವಸ್ಥೆ. ಅವಳು ಒಂದು ನೋಟ್‌ಬುಕ್ಕಿನಲ್ಲಿ ನೆಟ್ ಯಾವಾಗ ಹೋಯಿತು, ಯಾವಾಗ ಬಂತು ಎಂದು ಬರೆದಿಡಲು ಶುರುಮಾಡಿದಳು.

ಅದೇ ವಾರ ಅವಳು ಇನ್ನೊಂದು ಮಾತು ಹೇಳಿದ್ದಳು. ಕಿಡಕಿಯ ಸರಳು ಮುಟ್ಟಿದರೆ ಕೈ ಜುಂ ಅನ್ನುತ್ತದೆ ಎಂದು. ನಾನು ಮುಟ್ಟಿ ನೋಡಿದೆ, ಏನೂ ಅನ್ನಿಸಲಿಲ್ಲ. ಆ ಹೊತ್ತಿಗೆ ನೆಟ್ಟೂ ಬಂದಿತ್ತು. ಮಳೆಗಾಲದ ಥಂಡಿ ಗೋಡೆ, ಹಳೆ ಕಟ್ಟಡ, ಅರ್ಥಿಂಗ್ ಸರಿ ಇಲ್ಲ, ಚಪ್ಪಲಿ ಹಾಕಿಕೊಂಡು ಮುಟ್ಟು ಎಂದೆ. ನಮ್ಮ ಕಡೆ ಇದು ಎಲ್ಲರೂ ಹೇಳುವ ಮಾತು. ಫ್ರಿಜ್ ಶಾಕ್ ಹೊಡೆದರೂ ಚಪ್ಪಲಿ, ಪಂಪಿನ ಡಬ್ಬಿ ಶಾಕ್ ಹೊಡೆದರೂ ಚಪ್ಪಲಿ. ಓದಿದವನು, ಈ ಕೆಲಸ ಬಲ್ಲವನು ನಾನೂ ಅದನ್ನೇ ಹೇಳಿ ಬೈಕು ಹತ್ತಿದೆ.

ಅಷ್ಟರಲ್ಲಿ ಶಿಕ್ಷಕರ ನೇಮಕಾತಿ ಅರ್ಜಿಯ ಕೊನೆಯ ದಿನ ಬಂತು. ಆವತ್ತು ಸಂಜೆಗೆ ಅರ್ಜಿ ತಗೊಳ್ಳುವುದು ಬಂದ್. ಸುತ್ತಲಿನ ಹಳ್ಳಿಗಳಿಂದ ಹುಡುಗ ಹುಡುಗಿಯರು ಬೆಳಿಗ್ಗೆಯೇ ಬಂದು ಎರಡೂ ಖೋಲಿಗಳಲ್ಲಿ ಕಾಯುತ್ತಿದ್ದರು. ಕಂಕುಳಲ್ಲಿ ಕೂಸು ಎತ್ತಿಕೊಂಡು ಬಂದ ಒಬ್ಬ ಹೆಣ್ಣುಮಗಳೂ ಇದ್ದಳು. ನಾನೂ ಬೆಳಿಗ್ಗೆ ಬೇಗ ಹೋಗಿ ಕೂತಿದ್ದೆ, ಇವತ್ತು ಇದು ಹೋಗುವುದನ್ನು ಕಣ್ಣಾರೆ ನೋಡಿಯೇ ಬಿಡುತ್ತೇನೆಂದು. ಹತ್ತರ ತನಕ ನೆಟ್ ಬಂಗಾರದಂತಿತ್ತು. ಹತ್ತೂವರೆಯ ಸುಮಾರಿಗೆ ಹಿಂದಿನ ಖೋಲಿಯ ನಾಲ್ಕೂ ಕಂಪ್ಯೂಟರ್‌ಗಳ ನೆಟ್ ಒಟ್ಟಿಗೆ ನಿಂತಿತು.

ಮಾಸ್ತರು ನನ್ನನ್ನು ಹೊರಗೆ ಕರೆದರು. ಅವರು ಎಂದೂ ದನಿ ಏರಿಸಿದವರಲ್ಲ, ಆವತ್ತೂ ಏರಿಸಲಿಲ್ಲ.

"ಈರಣ್ಣ, ಈ ಹುಡುಗೂರು ವರ್ಷಗಟ್ಟಲೆ ಈ ಅರ್ಜಿ ಹಾದಿ ಕಾಯ್ದಾರ. ಇವತ್ತ ಹೋಗಲಿಲ್ಲಂದ್ರ ಇವರಿಗೆ ನಾ ಏನ ಹೇಳಲಿ? ನಿನ್ನ ಕೈಲೆ ಆಗಂಗಿಲ್ಲಂದ್ರ ಆಗಂಗಿಲ್ಲ ಅನ್ನು. ಹುಬ್ಬಳ್ಳಿಯಿಂದ ಬ್ಯಾರೆ ಯಾರನರ ಕರಸ್ತೀನಿ."

ಮಾಸ್ತರು ಬೇರೆಯವರನ್ನು ಕರೆಸಿದರು ಎನ್ನುವ ಖಬರ ಸಂಜೆಯೊಳಗೆ ಶಿರಹಟ್ಟಿ ಮುಟ್ಟುತ್ತದೆ, ನಾಳೆ ಗದಗ, ನಾಡಿದ್ದು ಮುಂಡರಗಿ. ಆಮೇಲೆ ನನ್ನನ್ನು ಯಾರು ಕರೆಯುತ್ತಾರೆ? ಒಳಗೆ ಕಾಯುತ್ತಿದ್ದ ಹುಡುಗರ ಮುಖ ನೋಡಲು ಹೆದರಿ ಮೆಟ್ಟಿಲ ಬಳಿಯೇ ನಿಂತೆ. ಅಲ್ಲಿಗೆ ಸುಮಂಗಲಾ ನೋಟ್‌ಬುಕ್ ಹಿಡಿದು ಬಂದಳು. ನನ್ನ ಮುಖ ನೋಡದೆ, ಪುಟ ತೆರೆದು ಹಿಡಿದಳು.

"ಸರ, ಬಿಸಲ ಇದ್ದ ದಿನ ಮಧ್ಯಾಹ್ನಕ್ಕ ಬರತೈತ್ರಿ. ಮಾಡ ಹಾಕಿದ ದಿನ ಸಂಜೀತನಕ ಬರಂಗಿಲ್ರಿ. ಎಲ್ಲಾ ದಿನದ್ದೂ ಬರದೇನಿ, ನೋಡ್ರಿ."

ಬಿಸಿಲಿಗೂ ನೆಟ್ಟಿಗೂ ಏನು ಸಂಬಂಧ, ಇದೇನು ಸಂಡಿಗೆಯೇ ಎಂದು ರೇಗಿದೆ. ರೇಗಿ ಮುಗಿಯುವ ಮೊದಲೇ ಆ ಮಾತು ನನ್ನೊಳಗೆ ತಿರುಗಿ ಬಂತು. ಬಿಸಿಲಿದ್ದರೆ ಬೇಗ, ಮೋಡವಿದ್ದರೆ ತಡ. ಏನೋ ಒಣಗುತ್ತಿದೆ. ಒಣಗಿದ ಮೇಲೆ ಸರಿಯಾಗುತ್ತಿದೆ. ನಾನು ಮುಂದಿನ ಕಟ್ಟಡದ ಮೆಟ್ಟಿಲು ಹತ್ತಿ ಮಾಳಿಗೆಗೆ ಓಡಿದೆ. ಸುಮಂಗಲಾ ಹಿಂದೆಯೇ ಬಂದಳು.

ಮೇಲಿನಿಂದ ಚಾಚಿಯ ಮಾಳಿಗೆ ಪೂರ್ತಿ ಕಾಣುತ್ತದೆ. ತಂತಿಯ ನಟ್ಟನಡುವೆ ಒಂದು ದೊಡ್ಡ ಒದ್ದೆ ಕೌದಿ ಜೋತುಬಿದ್ದಿತ್ತು, ಅದರಿಂದ ನೀರು ಸುರಿಯುತ್ತಿತ್ತು. ಕೌದಿ ಒಗೆದು ಎತ್ತಿದವರಿಗೆ ಗೊತ್ತು, ಒಣಗಿದಾಗ ಒಬ್ಬರು ಹೊರುವುದನ್ನು ಒದ್ದೆಯಾದಾಗ ಇಬ್ಬರು ಹೊರಬೇಕು. ಮಹಾನವಮಿಗೆಂದು ಊರವರು ರಿಪೇರಿಗೆ ಕೊಟ್ಟ ಹಳೆ ಕೌದಿಗಳನ್ನು ಚಾಚಿ ಒಗೆದು ಒಣಹಾಕುತ್ತಿದ್ದರು. ಆ ಭಾರಕ್ಕೆ ತಂತಿ ಜಗ್ಗಿ, ಕೇಬಲ್ಲಿನೊಳಗೆ ಎಲ್ಲೋ ಮುರಿದಿದ್ದ ಎಳೆ ದೂರವಾಗುತ್ತಿತ್ತು, ನೆಟ್ ಹೋಗುತ್ತಿತ್ತು. ಕೌದಿ ಒಣಗಿ ಹಗುರಾದರೆ ಎಳೆ ಕೂಡುತ್ತಿತ್ತು, ನೆಟ್ ಬರುತ್ತಿತ್ತು. ಇಷ್ಟೇ. ಸಿಕ್ಕಿತಲ್ಲ ಎಂದು ಖುಷಿಯಾಗಿ, ತಂತಿ ಹಿಡಿದು ಒಮ್ಮೆ ಅಲುಗಾಡಿಸಿ ನೋಡೋಣವೆಂದು ಕೈ ಚಾಚಿದೆ.

ಆಗ ಕಂಡಿತು. ಮೂಲೆಯಲ್ಲಿ ಗೇಣು ಅಂತರ ಇತ್ತಲ್ಲ, ಅದು ಇರಲಿಲ್ಲ. ನನ್ನ ಕಬ್ಬಿಣದ ತಂತಿ ಕರೆಂಟಿನ ವೈರಿನ ಮೇಲೆ ಕೂತುಬಿಟ್ಟಿತ್ತು. ಗಾಳಿಗೆ ಕೌದಿ ಅಲುಗಿದಾಗ ತಂತಿ ವೈರಿನ ಮೇಲೆ ಉಜ್ಜುತ್ತಿತ್ತು, ಉಜ್ಜಿದಲ್ಲಿ ಪ್ಲಾಸ್ಟಿಕ್ ಹೋಗಿ ಒಳಗಿನ ಲೋಹ ಹೊಳೆಯುತ್ತಿತ್ತು. ನೋಡುತ್ತಿದ್ದಂತೆ ಅಲ್ಲಿ ಒಂದು ಸಣ್ಣ ಕಿಡಿ ಹಾರಿತು. ಹಗಲು ಬೆಳಕಿನಲ್ಲಿ ಕಂಡೂ ಕಾಣದಷ್ಟು ಸಣ್ಣದು. ನನ್ನ ಕೈ ತಂತಿಯಿಂದ ನಾಲ್ಕು ಬೆರಳು ದೂರದಲ್ಲಿತ್ತು. ಹಿಂದಕ್ಕೆಳೆದುಕೊಂಡು ಜೇಬಿನ ಟೆಸ್ಟರ್ ತೆಗೆದು ತಂತಿಗೆ ಇಟ್ಟೆ. ಅದರ ದೀಪ ಹತ್ತಿತು.

ಕಿಡಕಿಯ ಸರಳು ಜುಂ ಅನ್ನುತ್ತದೆ ಎಂದಿದ್ದಳಲ್ಲ ಸುಮಂಗಲಾ. ಈ ತಂತಿಯ ಇನ್ನೊಂದು ತುದಿ ಆ ಸರಳಿಗೇ ಕಟ್ಟಿದ್ದು. ಕಿಡಕಿಯ ಪಕ್ಕದ ಬೆಂಚಿನ ಮೇಲೆ ಆ ಹುಡುಗರು ಕೂತಿದ್ದಾರೆ. ಅವಳಿಗೂ ಅದೇ ಹೊತ್ತಿಗೆ ಹೊಳೆದಿರಬೇಕು. ನಾನು ಬಾಯಿ ತೆರೆಯುವ ಮೊದಲೇ, "ಸರ, ಕಿಡಕಿ" ಎಂದವಳೇ ಮೆಟ್ಟಿಲು ಹಾರುತ್ತ ಇಳಿದಳು. ನಾನು ಅವಳ ಹಿಂದೆ ಇಳಿಯಬೇಕೆಂದು ತಿರುಗಿದೆ. ಅಷ್ಟರಲ್ಲಿ ಕೆಳಗಿನ ಮಾಳಿಗೆಯ ಮೆಟ್ಟಿಲಿನಿಂದ ಹುಸೇನಬಿ ಚಾಚಿಯ ತಲೆ ಮೇಲೆ ಬಂತು.

ಚಾಚಿ ಬರಿಗಾಲಲ್ಲಿದ್ದರು. ಮಾಳಿಗೆಯ ನೆಲವೆಲ್ಲ ಕೌದಿಯ ನೀರಿನಿಂದ ಒದ್ದೆ. ಸೊಂಟದ ಮೇಲೆ ಅಲ್ಯೂಮಿನಿಯಂನ ಜರ್ಮನ್ ಬುಟ್ಟಿ, ಅದರ ತುಂಬ ಹಿಂಡಿದ ಸೀರೆಗಳು. ಚಾಚಿ ಎಂದು ಕೂಗಿದೆ. ಕೇಳಲಿಲ್ಲ. ಕೆಳಗೆ ದಾವಲಸಾಬರ ಹತ್ತಿ ಹಿಂಜುವ ಮಷೀನು ಓಡುತ್ತಿತ್ತು. ಅದು ಓಡುತ್ತಿದ್ದರೆ ಎದುರಿಗೆ ಕೂತವರ ಮಾತೂ ಕೇಳುವುದಿಲ್ಲ. ಮುಟ್ಟಬೇಡಿ, ಮುಟ್ಟಬೇಡಿ ಎಂದು ಗಂಟಲು ಹರಿಯುವ ಹಾಗೆ ಅರಚಿದೆ. ಅವರು ಬುಟ್ಟಿ ಕೆಳಗಿಟ್ಟು, ಒಂದು ಸೀರೆ ಎತ್ತಿ ಝಾಡಿಸಿದರು. ನಡುವೆ ಸಂದಿ, ಮೇಲೆ ಕೆಳಗೆ ಒಂದಾಳಿಗೂ ಹೆಚ್ಚು ಎತ್ತರ. ಹಾರಿದರೆ ನನ್ನ ಕಾಲು ಮುರಿಯುತ್ತಿತ್ತು, ಅವರನ್ನು ಮುಟ್ಟುವುದಂತೂ ಆಗುತ್ತಿರಲಿಲ್ಲ. ಸುತ್ತಿ ಹೋಗುವಷ್ಟು ಹೊತ್ತು ಇರಲಿಲ್ಲ.

ಸೊಂಟದಲ್ಲಿದ್ದ, ಜಾಕ್ ಒತ್ತುವ ಇಕ್ಕಳ ಕಿತ್ತು ಬುಟ್ಟಿಯ ಕಡೆ ಎಸೆದೆ. ದೇವರು ದೊಡ್ಡವನು, ಅದು ಬುಟ್ಟಿಗೇ ಬಡಿಯಿತು. ಚಾಚಿ ಬೆಚ್ಚಿ ತಲೆ ಎತ್ತಿದರು, ನನ್ನನ್ನು ಕಂಡರು. ಮುಖ ಸಿಟ್ಟಾಯಿತು. ಕಲ್ಲು ಎಸೆಯುತ್ತಾನೆ ಎಂದುಕೊಂಡಿರಬೇಕು, ಏನೋ ಬೈದರು. ನಾನು ಬೇಡ ಬೇಡ ಎಂದು ಕೈ ಬೀಸಿದೆ. ಮಾತಾಡಿಸುತ್ತಿದ್ದಾನೆ, ಇವನ ಕೇಬಲ್ಲಿನ ರಗಳೆ ಇರಬೇಕು ಎಂದುಕೊಂಡವರಂತೆ ಅವರೂ ತಡಿ ತಡಿ ಎಂದು ಒಂದು ಕೈ ಮಾಡಿದರು. ಇನ್ನೊಂದು ಕೈ ಒದ್ದೆ ಸೀರೆಯ ಜೊತೆ ತಂತಿಯ ಕಡೆ ಏಳುತ್ತಲೇ ಇತ್ತು.

ಆಗ ನಾನು ಏನು ಮಾಡಿದೆನೋ, ಯಾಕೆ ಮಾಡಿದೆನೋ, ಯೋಚಿಸಿ ಮಾಡಿದ್ದಲ್ಲ. ಬಾಯಿ ಬಡಿದುಕೊಳ್ಳತೊಡಗಿದೆ. ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ಮನೆಯಲ್ಲಿ ಸಾವಾದಾಗ ಹೆಂಗಸರು ಬಾಯಿಗೆ ಕೈ ಬಡಿದುಕೊಂಡು ಲಬೋ ಲಬೋ ಎಂದು ಹೊಯ್ದುಕೊಳ್ಳುತ್ತಾರೆ. ಗಂಡಸರು ಹೋಳಿ ಹುಣ್ಣಿಮೆಯಲ್ಲಿ ಕಾಮಣ್ಣನನ್ನು ಸುಟ್ಟಾಗ ಬಿಟ್ಟರೆ ಹಾಗೆ ಮಾಡುವುದಿಲ್ಲ. ಸಣ್ಣವನಿದ್ದಾಗ ಒಮ್ಮೆ ಸುಮ್ಮನೆ ಆಟಕ್ಕೆ ಬಾಯಿ ಬಡಿದುಕೊಂಡಿದ್ದಕ್ಕೆ, ಮನೆಗೆ ಸಾವು ಕರೆಯುತ್ತೀಯಾ ಎಂದು ಅವ್ವ ಬೆನ್ನ ಮೇಲೆ ಗುದ್ದಿದ್ದಳು. ಅಂಥ ನಾನು ಆವತ್ತು ಬಜಾರದ ಕಟ್ಟಡದ ಮಾಳಿಗೆಯ ಮೇಲೆ, ಹಾಡಹಗಲು, ಮೊಣಕಾಲೂರಿ ಕೂತು ಬಾಯಿ ಬಡಿದುಕೊಂಡೆ. ನಾಟಕವಲ್ಲ. ಕಣ್ಣಲ್ಲಿ ಖರೆಯೇ ನೀರು ಬರುತ್ತಿತ್ತು. ಇನ್ನೊಂದು ಕ್ಷಣದಲ್ಲಿ ನಿಜವಾಗಿ ಬಡಿದುಕೊಳ್ಳುವುದೇ ಆಗುತ್ತದೆ ಎನ್ನುವುದು ನನಗೆ ಗೊತ್ತಿತ್ತು.

ಚಾಚಿಯ ಕೈ ಗಾಳಿಯಲ್ಲೇ ನಿಂತಿತು. ಸಿಟ್ಟು ಹೋಗಿ ಮುಖ ಬಿಳಿಚಿಕೊಂಡಿತು. ಆ ಸನ್ನೆಗೆ ಮಷೀನಿನ ಸದ್ದು ಅಡ್ಡ ಬರಲಿಲ್ಲ. ಕೈಯಲ್ಲಿದ್ದ ಸೀರೆಯನ್ನು ಅಲ್ಲೇ ನೆಲಕ್ಕೆ ಬಿಟ್ಟು, ತಂತಿಗೆ ಬೆನ್ನು ಮಾಡಿ, ಮೆಟ್ಟಿಲಿಳಿದು ಓಡಿದರು.

ನಾನೂ ಓಡಿದೆ. ಎರಡು ಕಡೆ ಗೋಡೆ ಹಿಡಿದು ಇಳಿದೆ. ಸಂದಿಯಲ್ಲಿ ಚಾಚಿ ಎದುರಾದರು, ತಲೆಯ ಸೆರಗು ಜಾರಿತ್ತು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ನನ್ನ ಎರಡೂ ತೋಳು ಹಿಡಿದುಕೊಂಡರು.

"ಯಾರ್ ಹೋದರಪಾ ತಮ್ಮಾ? ಯಾರ್ ಹೋದ್ರು?"

ಅವರ ಒದ್ದೆ ಕೈಗಳು ನನ್ನ ತೋಳಿನ ಮೇಲಿದ್ದವು. ಬೆಚ್ಚಗಿದ್ದವು. ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟೆ.

ಆಮೇಲೆ ಏನಾಯಿತೆಂದು ಬೇಗ ಹೇಳಿ ಮುಗಿಸುತ್ತೇನೆ. ಸುಮಂಗಲಾ ಹಿಂದಿನ ಖೋಲಿಯಿಂದ ಎಲ್ಲರನ್ನೂ ಹೊರಗೆ ಹಾಕಿ ಬಾಗಿಲು ಎಳೆದುಕೊಂಡು ಅಡ್ಡ ನಿಂತಿದ್ದಳು. ಕೂಸಿನ ತಾಯಿ ಕಿಡಕಿಯ ಪಕ್ಕದಲ್ಲೇ ಕೂತಿದ್ದಳಂತೆ, ಕೂಸು ಸರಳಿನ ಕಡೆ ಕೈ ಮಾಡುತ್ತಿತ್ತಂತೆ. ಇದನ್ನು ಸುಮಂಗಲಾ ನನಗೆ ಮರುದಿನ ಹೇಳಿದಳು, ಆವತ್ತೇ ಹೇಳಲು ಅವಳಿಗೂ ಧೈರ್ಯವಾಗಲಿಲ್ಲ. ದಾವಲಸಾಬರು ಮನೆಯ ಮೇನ್ ಸ್ವಿಚ್ ತೆಗೆದರು. ಆದರೆ ತಂತಿ ಕೂತಿದ್ದು ಮೀಟರಿಗಿಂತ ಮೊದಲಿನ ವೈರಿನ ಮೇಲೆ, ಸ್ವಿಚ್ ತೆಗೆದರೆ ಅದಕ್ಕೇನೂ ಆಗುವುದಿಲ್ಲ. ಲೈನ್‌ಮನ್ ಬಂದು ಕಂಬದ ಮೇಲೆ ಕಡಿಯುವ ತನಕ ನಾನು ಮಾಳಿಗೆಯ ಮೆಟ್ಟಿಲಿಗೆ ಅಡ್ಡ ಕೂತೆ, ಬೆಕ್ಕನ್ನೂ ಮೇಲೆ ಬಿಡಲಿಲ್ಲ.

ಲೈನ್‌ಮನ್ ವಯಸ್ಸಾದ ಮನುಷ್ಯ. ಕೆಲಸ ಮುಗಿಸಿ, ನನ್ನ ತಂತಿ ಬಿಚ್ಚಿ ಸುರುಳಿ ಸುತ್ತಿ ತಂದು ಎಲ್ಲರ ಮುಂದೆ ನೆಲಕ್ಕೆ ಹಾಕಿದ. ಯಾವ ಹುಚ್ಚ ಕಟ್ಟಿದನ್ರೀ ಇದನ್ನ ಎಂದು ಕೇಳಿದ. ಅಷ್ಟೊತ್ತಿಗೆ ಓಣಿಯ ಜನ ಕೂಡಿತ್ತು. ಮಾಸ್ತರು ನೆಲ ನೋಡಿದರು. ಅವರಿಗೆ ಗೊತ್ತಿತ್ತು, ಹೇಳಲಿಲ್ಲ. ದಾವಲಸಾಬರಿಗೂ ಗೊತ್ತಿತ್ತು. ಖರೆ ಹೇಳುತ್ತೇನೆ, ಸುಮ್ಮನಿದ್ದುಬಿಡೋಣ ಎಂದು ಆಸೆಯಾಯಿತು. ಮಾಳಿಗೆ ಮೇಲೆ ಸಾವು ಕಂಡಾಗ ಇದ್ದದ್ದು ಒಂದು ಭಯ, ಇದು ಬೇರೆಯದೇ ಭಯ.

ನಾನೇ ಕಟ್ಟಿದ್ದು ಎಂದೆ. ಅರಿವೆ ಒಣಹಾಕಿರಿ ಎಂದು ಚಾಚಿಗೆ ಹೇಳಿದವನೂ ನಾನೇ ಎಂದೆ. ಜನ ಏನು ಬೈದರೋ ಕಿವಿಗೆ ಬೀಳಲಿಲ್ಲ. ಚಾಚಿಯ ಮುಖವನ್ನಷ್ಟೇ ನೋಡುತ್ತಿದ್ದೆ. ಅವರು ಬೈಯಲಿ, ಕೆನ್ನೆಗೆ ಹೊಡೆಯಲಿ ಎಂದು ಕಾಯುತ್ತಿದ್ದೆ. ಅವರು ನೆಲಕ್ಕೆ ಬಿದ್ದಿದ್ದ ತಂತಿಯ ಸುರುಳಿ ನೋಡುತ್ತ, ಬಹಳ ಮೆಲ್ಲಗೆ ಮಾತಾಡಿದರು.

"ಎರಡ ದಿನಾ ಆತು, ಮುಟ್ಟಿದ್ರ ಕೈ ಜುಂ ಅಂತಿತ್ತು. ವಾಯು ಇರಬೇಕು ಅಂತ ಎಣ್ಣಿ ತಿಕ್ಕೊಂಡೆ. ಬಗ್ಗಿ ಬಗ್ಗಿ ಕಲ್ಲು ಹೇರೂದು ತಪ್ಪಿತ್ತಪಾ ನನಗ. ಒಂದೊಂದು ಅರಬಿ ಹಾಕುವಾಗೂ ಈ ತಂತಿ ಕಟ್ಟಿದಾಂವ ಛಲೋ ಇರಲಿ ಅಂತಿದ್ದೆ."

ಅದಕ್ಕಿಂತ ಅವರು ಹೊಡೆದಿದ್ದರೆ ಚೆನ್ನಾಗಿತ್ತು. ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಬೇಡ ಎಂದು ಹಿಂದೆ ಸರಿದರು. ಒಳಗೆ ಹೋಗಿ ನೀರು ತಂದು ಕೊಟ್ಟರು.

ಅರ್ಜಿಗಳ ಕೆಲಸ ನಿಲ್ಲಲಿಲ್ಲ. ಹಿಂದಿನ ಖೋಲಿಯ ಕಂಪ್ಯೂಟರ್‌ಗಳನ್ನು ಹುಡುಗರೇ ಹೊತ್ತು ಮುಂದಿನ ಖೋಲಿಗೆ ತಂದರು. ನಾನು ಮೋಡೆಮ್ಮಿನ ಪಕ್ಕದಲ್ಲೇ ನೆಲದ ಮೇಲೆ ಜೋಡಿಸಿಕೊಟ್ಟೆ. ಹೊತ್ತು ಮುಳುಗುವ ಮೊದಲು ಸುಮಂಗಲಾ ಎಲ್ಲರ ಅರ್ಜಿ ಕಳಿಸಿದಳು, ಕೂಸಿನ ತಾಯಿಯದು ಕೊನೆಯದು. ಹುಬ್ಬಳ್ಳಿಯವರನ್ನು ಮಾಸ್ತರು ಕರೆಸಲಿಲ್ಲ. ನನ್ನನ್ನು ಬಿಡಲೂ ಇಲ್ಲ. ಆದರೆ ಆಮೇಲೆ ನಾನು ಏನೇ ಜೋಡಿಸಿದರೂ ಒಮ್ಮೆ ತಾವೇ ಬಂದು ಸುತ್ತ ನೋಡಿ ಹೋಗುತ್ತಿದ್ದರು, ಅದನ್ನು ನಾನು ತಪ್ಪು ತಿಳಿಯಲಿಲ್ಲ. ಸುಮಂಗಲಾಳ ಹತ್ತಿರ ಮರುದಿನ ತಪ್ಪಾಯಿತವ್ವಾ ಎಂದೆ. ಇರಲಿ ಬಿಡ್ರಿ ಸರ ಎಂದಳು. ಆ ನೋಟ್‌ಬುಕ್ ಕೇಳಿ ಪಡೆದುಕೊಂಡೆ, ಈಗಲೂ ನನ್ನ ಚೀಲದಲ್ಲಿದೆ.

ಕೇಬಲ್ಲನ್ನು ಆಮೇಲೆ ಪೈಪಿನೊಳಗೆ ಹಾಕಿ ಗೋಡೆಗುಂಟ ಸುತ್ತಿಸಿ ಒಯ್ದೆ. ಚಾಚಿಗೆ ಅವರ ಮಾಳಿಗೆಯ ಆಚೆ ಬದಿಗೆ, ಯಾವ ವೈರೂ ಸುಳಿಯದ ಕಡೆ, ಎರಡು ಕಟ್ಟಿಗೆಯ ಕಂಬ ನೆಟ್ಟು ನೈಲಾನ್ ಹಗ್ಗ ಬಿಗಿದು ಕೊಟ್ಟೆ. ಬಹಳ ದಿನ ಅವರು ಅದನ್ನೂ ಮುಟ್ಟಲಿಲ್ಲ. ಲಕ್ಷ್ಮೇಶ್ವರಕ್ಕೆ ಹೋದಾಗಲೆಲ್ಲ ಮೇಲೆ ಹತ್ತಿ ನೋಡುತ್ತಿದ್ದೆ. ಕೌದಿಗಳು ಮೊದಲಿನಂತೆ ನೆಲದ ಮೇಲೆಯೇ, ಮೂಲೆಗೊಂದು ಕಲ್ಲು ಹೇರಿಸಿಕೊಂಡು ಒಣಗುತ್ತಿದ್ದವು. ಹಗ್ಗ ಖಾಲಿ ಇರುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅದರ ಮೇಲೆ ಒಂದೇ ಒಂದು ಸಣ್ಣ ಟಾವೆಲ್ ಕಂಡಿತು. ಎಷ್ಟೋ ಹೊತ್ತು ಅದನ್ನೇ ನೋಡುತ್ತ ನಿಂತೆ.

ಆ ನೆಟ್ಟಿಗೆ ನಾನು ಎಷ್ಟು ಶಾಪ ಹಾಕಿದ್ದೆ. ಅದು ಹೋಗಿ ಹೋಗಿ ಬಂದು ನನ್ನನ್ನು ಮೇಲೆ ಹತ್ತು, ನೋಡು ಎಂದು ಕರೆಯುತ್ತಿತ್ತು. ನನಗೆ ತಿಳಿಯಲಿಲ್ಲ. ಈಗ ಯಾರಾದರೂ ನೆಟ್ ಹೋಗಿ ಬರುತ್ತಿದೆ ಎಂದರೆ ನಾನು ಕಂಪ್ಯೂಟರ್ ಮುಟ್ಟುವುದಿಲ್ಲ. ಮೊದಲು ಮಾಳಿಗೆಗೆ ಹೋಗುತ್ತೇನೆ, ಆಮೇಲೆ ಅಲ್ಲಿ ದಿನವಿಡೀ ಕೂತಿರುವವರನ್ನು ಕೇಳುತ್ತೇನೆ. ಗದರಿಸುವುದಿಲ್ಲ. ಕೈ ಜುಂ ಅನ್ನುತ್ತದೆ ಎಂದು ಯಾರಾದರೂ ಅಂದರೆ ಚಪ್ಪಲಿ ಹಾಕಿಕೋ ಎನ್ನುವ ಮಾತು ನನ್ನ ಬಾಯಲ್ಲಿ ಇನ್ನು ಹುಟ್ಟುವುದಿಲ್ಲ.

ಆದರೂ ಹೆದರಿಕೆ ಹೋಗಿಲ್ಲ. ಬಸ್ಸಿನಲ್ಲಿ ಹೋಗುವಾಗ ಯಾವುದೋ ಮನೆಯ ಮೇಲೆ ತಂತಿಗೆ ಒದ್ದೆ ಬಟ್ಟೆ ಜೋತುಬಿದ್ದದ್ದು ಕಂಡರೆ ಸಾಕು, ಕಣ್ಣು ತಾನಾಗಿ ಕರೆಂಟಿನ ವೈರು ಎಲ್ಲಿದೆ ಎಂದು ಹುಡುಕುತ್ತದೆ. ಆಗೆಲ್ಲ ಆ ಸಂದಿ, ಆ ಒದ್ದೆ ಕೈಗಳು ನೆನಪಾಗುತ್ತವೆ. ಯಾರ್ ಹೋದರಪಾ ತಮ್ಮಾ ಎಂದು ಚಾಚಿ ಕೇಳಿದ್ದು ಕೇಳಿಸುತ್ತದೆ. ಆವತ್ತು ಕೊಡಲಾಗದ ಉತ್ತರವನ್ನು ಈಗ ಮನಸ್ಸಿನಲ್ಲೇ ಕೊಡುತ್ತೇನೆ: ಯಾರೂ ಹೋಗಿಲ್ಲ ಚಾಚಿ, ಯಾರೂ ಹೋಗಿಲ್ಲ.